ಜಿಂಕೆಗೆ ಮೇವು ಬೆಳೆಯುವ ಬಗೆ

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರಕ್ಕಿರುವ ಮಿನ್ನೆಸೋಟ ಎಂಬ ರಾಜ್ಯದಲ್ಲಿ ಉದ್ಯೋಗದಲ್ಲಿದ್ದಾನೆ. ಕೆಲವು ವರ್ಷಗಳ ಹಿಂದೆ, ಅಲ್ಲಿ ಹಿಮ ಸುರಿಯುವ ಜನವರಿ ತಿಂಗಳಿನಲ್ಲಿ, ಅವನಿಂದ ನನಗೊಂದು ಕಾಗದ ಬಂದಿತು. ಅವನ ಮನೆಯ ಹಿಂದೆ ಒಂದು ಸಣ್ಣ ಕಾಡು. ಸಂಜೆಯ ಹೊತ್ತಿಗೆ ಏಳೆಂಟು ಜಿಂಕೆಗಳು ಆ ಕಾಡಿನಿಂದ ಬೇಲಿಯವರೆಗೂ ಬರುತ್ತಿದ್ದುವಂತೆ. ಮೊಣಕಾಲುದ್ದ ಹಿಮ, ಕಣ್ಣು ಹಾಯುವವರೆಗೂ ಒಂದು ಹಸುರು ಎಲೆಯಿಲ್ಲ. ಜಿಂಕೆಗಳು ಪೊದೆಯ ಒಣಕಡ್ಡಿಗಳನ್ನು ಕಚ್ಚಿ ಎಳೆಯುತ್ತಿದ್ದುವು. ಇದನ್ನು ಕಂಡು ಹುಡುಗನ ಕರುಳು ಚುರುಕ್ಕೆಂದಿತು. ಅಂಗಡಿಯಿಂದ ಎರಡು ಮೂಟೆ ಮುಸುಕಿನ ಜೋಳ ತಂದು ಬೇಲಿಯ ಬಳಿ ಸುರಿದನು. ಜಿಂಕೆಗಳು ಹೊಟ್ಟೆ ಬಿರಿಯ ತಿಂದುವು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಎರಡು ಜಿಂಕೆಗಳು ಮರಗಳ ನಡುವೆ ಸತ್ತು ಬಿದ್ದಿದ್ದುವು.

“ಗುರುಗಳೇ, ಹಸಿದವರಿಗೆ ಅನ್ನವಿಕ್ಕಬೇಕೆಂದು ನೀವೇ ನಮಗೆ ಹೇಳಿಕೊಟ್ಟಿರಿ. ನಾನು ಇಕ್ಕಿದ ಅನ್ನವೇ ಕೊಂದಿತಲ್ಲ, ಇದೇನು?” ಎಂದು ಅವನು ಬರೆದಿದ್ದನು.

ಕನ್ನಡ ಪಂಡಿತನಾದ ನನಗೆ ಇದಕ್ಕೆ ಉತ್ತರ ತಿಳಿಯದು. ಉತ್ತರ ಹೇಳಿದವನು ಅವನ ನೆರೆಯ ರೈತ. ಆ ರೈತನು ಮುಂದಿನ ಬೇಸಗೆಯಲ್ಲಿ ಅವನನ್ನು ತನ್ನ ಹೊಲಕ್ಕೆ ಕರೆದುಕೊಂಡು ಹೋಗಿ, ಕಾಡಿನ ಅಂಚಿನಲ್ಲಿ ಜಿಂಕೆಗಳಿಗೆಂದೇ ಬೆಳೆದಿದ್ದ ಒಂದು ತಾಕನ್ನು ತೋರಿಸಿದನಂತೆ. ಅದರಲ್ಲಿದ್ದ ಬೆಳೆಯ ಹೆಸರು ಅಲ್ಫಾಲ್ಫ. “ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ?” ಎಂದು ಎರಡನೆಯ ಕಾಗದದಲ್ಲಿ ಕೇಳಿದ್ದನು. ಈ ಪ್ರಶ್ನೆಗಾದರೆ ನಾನು ಉತ್ತರ ಬಲ್ಲೆ. ಮೊದಲನೆಯ ಪ್ರಶ್ನೆಗೂ ಉತ್ತರ ತಿಳಿಯಬೇಕೆಂದು ಆಮೇಲೆ ನಾನು ಓದಿದ್ದು, ಅವನಿಂದ ಕೇಳಿ ತಿಳಿದದ್ದು, ಇವೆರಡನ್ನೂ ಸೇರಿಸಿ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಹೆಸರಿನ ಕಥೆ

ಅಲ್ಫಾಲ್ಫ ಎಂದರೆ ಬೇರೆಯಲ್ಲ, ನಮ್ಮ ಕುದುರೆಮೆಂತೆ. ಕೃಷಿ ಇಲಾಖೆಯವರು ಇದನ್ನೇ ಲೂಸರ್ನ್ ಎನ್ನುತ್ತಾರೆ. ಆಕಾಶವಾಣಿಯ ಕೃಷಿರಂಗವನ್ನು ಕೇಳುವವರಿಗೆ ಈ ಹೆಸರು ಹೊಸದಾಗಿರಲಾರದು. ಮೂರು ಮೂರು ಎಲೆಗಳ ಗೊಂಚಲು, ನೇರಳೆ ಬಣ್ಣದ ಹೂ, ಬಸವನ ಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಯಿ. ಮೆಂತೆಯ ಸೊಪ್ಪನ್ನು ಬಲ್ಲ ಗೃಹಿಣಿಯರಿಗೆ ಇದರ ಗುರುತು ಹಿಡಿಯುವುದು ಕಷ್ಟವಲ್ಲ. ಎರಡೂ ಅವರೆ, ಕಡಲೆ, ಹುರುಳಿಗಳ ಬಳಗದ ಗಿಡಗಳೇ.

ಹೆಸರಿನಲ್ಲಿ ಕುದುರೆ ಏಕೆ ಬಂದಿತು? ಪ್ರಾಚೀನ ಪಾರಸಿಕರು ಈ ಗಿಡವನ್ನು ‘ಅಸ್ಪಸ್ತ್’ ಎಂದು ಕರೆಯುತ್ತಿದ್ದರು. ಕುದುರೆಯ ಮೇವು ಎಂದು ಅದರ ಅರ್ಥ. ಪಾರಸಿಕದ ‘ಅಸ್ಪ’ವೂ ಸಂಸ್ಕೃತದ ‘ಅಶ್ವ’ವೂ ಒಂದೇ ಮೂಲದ ಮಾತುಗಳು. ಪಾರಸಿಕ ಶಬ್ದವು ಅರಬ್ಬರ ಬಾಯಲ್ಲಿ ‘ಅಲ್ ಫಸ್ಫಸ’ ಆಯಿತು. ಅರಬ್ಬರಿಂದ ಸ್ಪೇನಿಗೆ ಹೋಗಿ ‘ಅಲ್ಫಾಲ್ಫ’ ಆಯಿತು. ಪರ್ಷಿಯದ ದೊರೆ ದಾರಿಯಸನ ದಂಡಯಾತ್ರೆಯ ಕಾಲದಲ್ಲಿ ಇದು ಗ್ರೀಸ್ ದೇಶಕ್ಕೆ ಬಂದಿತೆಂದು ರೋಮಿನ ವಿದ್ವಾಂಸ ಪ್ಲಿನಿ ಬರೆದಿಟ್ಟಿದ್ದಾನೆ. ಪಾರಸಿಕರ ನೆರೆಯ ಮೀಡಿಯ ಎಂಬ ನಾಡಿನ ಗಿಡವೆಂದು ಗ್ರೀಕರು ತಿಳಿದದ್ದರಿಂದ ಸಸ್ಯಶಾಸ್ತ್ರದಲ್ಲಿ ಇದರ ಕುಲಕ್ಕೆ ಮೆಡಿಕಾಗೊ ಎಂಬ ಹೆಸರು ನಿಂತಿದೆ. ದೇಶ ಬೇರೆ, ಭಾಷೆ ಬೇರೆ. ಆದರೂ ಅಲ್ಲಿ ‘ಅಸ್ಪ’, ಇಲ್ಲಿ ‘ಕುದುರೆ’. ದಂಡು ಹೋದಲ್ಲಿಗೆ ಕುದುರೆ, ಕುದುರೆ ಹೋದಲ್ಲಿಗೆ ಅದರ ಮೇವು.

ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಇದನ್ನು ಅಮೆರಿಕ ಖಂಡಕ್ಕೆ ಒಯ್ದರು. 1850ರ ಸುಮಾರಿನಲ್ಲಿ, ಚಿನ್ನದ ಆಸೆಯಿಂದ ಜನ ಕ್ಯಾಲಿಫೋರ್ನಿಯಕ್ಕೆ ಮುಗಿಬಿದ್ದ ಕಾಲದಲ್ಲಿ, ಚಿಲಿ ದೇಶದಿಂದ ಅಲ್ಲಿಗೆ ಇದರ ಬೀಜ ಬಂದಿತು. ಆದರೆ ಅದು ಬೆಚ್ಚಗಿನ ಸೀಮೆಯ ತಳಿ. ಮಿನ್ನೆಸೋಟದಂಥ ಹಿಮದ ನಾಡಿನಲ್ಲಿ ಚಳಿಗಾಲ ಕಳೆಯುವುದರೊಳಗೆ ಸತ್ತುಹೋಗುತ್ತಿತ್ತು.

ಈ ತೊಡಕನ್ನು ಬಿಡಿಸಿದವನು ವೆಂಡೆಲಿನ್ ಗ್ರಿಮ್ ಎಂಬ ಬಡ ರೈತ. ಅವನು 1857ರಲ್ಲಿ ಜರ್ಮನಿಯ ಬಾಡೆನ್ ಪ್ರಾಂತದಿಂದ ಮಿನ್ನೆಸೋಟದ ಕಾರ್ವರ್ ಕೌಂಟಿಗೆ ವಲಸೆ ಬಂದನು. ಬರುವಾಗ ತನ್ನ ಸಾಮಾನಿನ ಜೊತೆಯಲ್ಲಿ ಹದಿನೈದಿಪ್ಪತ್ತು ಪೌಂಡು ಈ ಬೀಜವನ್ನು ತಂದಿದ್ದನು. ಬಿತ್ತಿದನು, ಚಳಿಗೆ ಬಹುಪಾಲು ಗಿಡಗಳು ಸತ್ತುವು. ಉಳಿದ ಕೆಲವು ಗಿಡಗಳ ಬೀಜವನ್ನು ಕೂಡಿಟ್ಟು ಮರುವರ್ಷ ಮತ್ತೆ ಬಿತ್ತಿದನು. ಹೀಗೆಯೇ ವರ್ಷದ ಮೇಲೆ ವರ್ಷ ಸತ್ತದ್ದನ್ನು ಬಿಟ್ಟು ಬದುಕಿದ್ದನ್ನು ಬಿತ್ತುತ್ತ ಬಂದುದರಿಂದ, ಕೊನೆಗೆ ಹಿಮಕ್ಕೆ ಬಗ್ಗದ ಒಂದು ತಳಿಯೇ ಅವನ ಹೊಲದಲ್ಲಿ ನಿಂತಿತು. ಅವನು ತೀರಿಕೊಂಡ ಮೇಲೆ, 1900ರ ಸುಮಾರಿಗೆ, ಕೃಷಿ ವಿಜ್ಞಾನಿಗಳು ಇದನ್ನು ಗಮನಿಸಿದರು. ಗ್ರಿಮ್ ಅಲ್ಫಾಲ್ಫ ಎಂಬ ಹೆಸರಿನಿಂದ ಅದು ಉತ್ತರ ಅಮೆರಿಕದ ಚಳಿನಾಡಿನಲ್ಲೆಲ್ಲ ಹರಡಿತು. ಇಂದು ಅಲ್ಲಿ ಜಿಂಕೆಗೆ ಕುದುರೆಮೆಂತೆ ಬೆಳೆಯಲು ಸಾಧ್ಯವಾಗಿರುವುದು ಇಂಥ ತಾಳ್ಮೆಯ ಫಲ.

ಜಿಂಕೆ ಮತ್ತು ಅದರ ಹೊಟ್ಟೆ

ಅಲ್ಲಿಯ ಜಿಂಕೆ ನಮ್ಮ ಚುಕ್ಕಿ ಜಿಂಕೆಯಲ್ಲ. ಅದನ್ನು ಬಿಳಿಬಾಲದ ಜಿಂಕೆ ಎನ್ನುತ್ತಾರೆ. ಬೆದರಿದಾಗ ಬಾಲವನ್ನೆತ್ತಿ ಓಡುತ್ತದೆ. ಬಾಲದ ಒಳಭಾಗದ ಬಿಳುಪು ಆಗ ಬಾವುಟದಂತೆ ಕಾಣುತ್ತದೆ. ಉತ್ತರದ ರಾಜ್ಯಗಳಲ್ಲಿ ಬಲಿತ ಗಂಡಿನ ತೂಕ 200 ಪೌಂಡನ್ನೂ ಮೀರಬಹುದು. ಮಾಂಸಕ್ಕೂ ಚರ್ಮಕ್ಕೂ ಮಿತಿಯಿಲ್ಲದೆ ಕೊಂದದ್ದರಿಂದ 1900ರ ಹೊತ್ತಿಗೆ ಇಡೀ ದೇಶದಲ್ಲಿ ಉಳಿದಿದ್ದುವು ಸುಮಾರು ಐದು ಲಕ್ಷವೆಂದು ಅಂದಾಜು. ಆಮೇಲೆ ಕಾನೂನುಗಳು ಬಂದುವು. 1900ರ ಲೇಸಿ ಶಾಸನವು ಅಕ್ರಮವಾಗಿ ಕೊಂದ ಪ್ರಾಣಿಯನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಿ ಮಾರುವುದನ್ನು ತಡೆಯಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಶಾಸನವು ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಪ್ರಾಣಿಗಳ ರಕ್ಷಣೆಗೆ ಮೀಸಲಿಟ್ಟಿತು. ಈಗ ಅವುಗಳ ಸಂಖ್ಯೆ ಮೂರು ಕೋಟಿಯ ಸುಮಾರು.

ಜಿಂಕೆಗೂ ಹಸುವಿನಂತೆ ನಾಲ್ಕು ಅರೆಗಳ ಹೊಟ್ಟೆಯುಂಟು. ಅದೂ ಮೆಲುಕು ಹಾಕುವ ಪ್ರಾಣಿಯೇ. ಆದರೆ ಹಸುವಿನಂತೆ ನೆಲವನ್ನು ಸವರಿ ಮೇಯುವುದಿಲ್ಲ. ಆಡಿನಂತೆ ಇಲ್ಲೊಂದು ಕುಡಿ, ಅಲ್ಲೊಂದು ಚಿಗುರು ಎಂದು ಆರಿಸಿ ತಿನ್ನುತ್ತದೆ. ಹೊಟ್ಟೆಯ ಮೊದಲ ಅರೆಯಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳಿರುತ್ತವೆ. ಸೊಪ್ಪು ಕಡ್ಡಿಗಳನ್ನು ಅರಗಿಸುವವು ಇವೇ. ಕಡ್ಡಿಯನ್ನು ಕರಗಿಸುವ ಜೀವಿಗಳೇ ಬೇರೆ. ಧಾನ್ಯದ ಪಿಷ್ಟವನ್ನು ಕರಗಿಸುವ ಜೀವಿಗಳೇ ಬೇರೆ. ಬೇಸಗೆ ಕಳೆದು ಚಳಿ ಬರುತ್ತಿದ್ದಂತೆ ಜಿಂಕೆಯ ಆಹಾರವು ಎಳೆಯ ಸೊಪ್ಪಿನಿಂದ ಒಣಕಡ್ಡಿ ಮೊಗ್ಗುಗಳಿಗೆ ಮೆಲ್ಲಮೆಲ್ಲನೆ ತಿರುಗುತ್ತದೆ. ಹೊಟ್ಟೆಯೊಳಗಿನ ಸಂಸಾರವೂ ಅದರೊಡನೆ ಮಾರ್ಪಡುತ್ತದೆ. ಈ ಮಾರ್ಪಾಟಿಗೆ ಎರಡು ಮೂರು ವಾರಗಳಾದರೂ ಬೇಕು.

ನಮ್ಮ ಹುಡುಗ ಜೋಳ ಸುರಿದದ್ದು ನಡುಚಳಿಗಾಲದಲ್ಲಿ. ಆಗ ಜಿಂಕೆಗಳ ಹೊಟ್ಟೆಯಲ್ಲಿದ್ದುವು ಕಡ್ಡಿಯನ್ನು ಅರಗಿಸುವ ಜೀವಿಗಳು. ಒಮ್ಮೆಲೇ ಬಂದು ಬಿದ್ದ ಪಿಷ್ಟವು ಹುದುಗಿ ಹುಳಿಯಾಯಿತು. ಹುಳಿ ಹೆಚ್ಚಿ ಹೊಟ್ಟೆಯ ಕೆಲಸ ಕೆಟ್ಟಿತು. ವಿಷ ರಕ್ತಕ್ಕೆ ಏರಿತು. ಇಂಥ ಜಿಂಕೆ ಒಂದು ದಿನದಿಂದ ಮೂರು ದಿನದೊಳಗೆ, ತುಂಬಿದ ಹೊಟ್ಟೆಯಲ್ಲಿಯೇ ಸಾಯುತ್ತದೆ. ಜೋಳದ ಬದಲು ಒಣಗಿಸಿದ ಕುದುರೆಮೆಂತೆಯನ್ನೇ ಹಾಕಿದ್ದರೂ ಆಪತ್ತು ತಪ್ಪುತ್ತಿರಲಿಲ್ಲ. ಕಠಿಣವಾದ ಚಳಿಗಾಲಗಳಲ್ಲಿ ಒಣಹುಲ್ಲು ಹಂಚಿದ ಕಡೆ, ಹೊಟ್ಟೆಯ ತುಂಬ ಆ ಹುಲ್ಲಿರುವಂತೆಯೇ ಹಸಿವಿನಿಂದ ಸತ್ತ ಜಿಂಕೆಗಳನ್ನು ಅಮೆರಿಕದ ಅರಣ್ಯ ಸಿಬ್ಬಂದಿ ಕಂಡಿದ್ದಾರೆ. ತಿಂದದ್ದು ಅರಗದಿದ್ದರೆ ಉಂಡರೂ ಉಪವಾಸವೇ ಸರಿ.

ಹಾಗಾದರೆ ಬೆಳೆದ ಮೇವು ಹೇಗೆ ಒಳ್ಳೆಯದಾಯಿತು ಎಂದು ನೀವು ಕೇಳಬಹುದು. ಬೆಳೆದ ಮೇವು ಒಂದೇ ದಿನ ಬರುವುದಿಲ್ಲ. ವಸಂತದಲ್ಲಿ ಕಾಡಿನ ಚಿಗುರಿನ ಜೊತೆಗೇ ಅದೂ ಚಿಗುರುತ್ತದೆ. ಜಿಂಕೆ ಕಾಡಿನದನ್ನು ತಿನ್ನುತ್ತ ನಡುನಡುವೆ ಬಂದು ಇದನ್ನೂ ನಾಲ್ಕು ಬಾಯಿ ತಿಂದು ಹೋಗುತ್ತದೆ. ಋತು ಹೇಗೆ ತಿರುಗುವುದೋ ಹಾಗೆ ಹೊಟ್ಟೆಯೂ ತಿರುಗಲು ಅವಕಾಶವಿರುತ್ತದೆ.

ಮೇಲಾಗಿ ಜಿಂಕೆಗೆ ಹೆಚ್ಚಿನ ಸತ್ವ ಬೇಕಾದದ್ದು ಹಿಮಗಾಲದಲ್ಲಲ್ಲ, ಬೇಸಗೆಯಲ್ಲಿ. ಹೆಣ್ಣು ಮೇ ಕೊನೆಯಲ್ಲೋ ಜೂನಿನಲ್ಲೋ ಮರಿ ಹಾಕಿ ಹಾಲೂಡುತ್ತದೆ. ಗಂಡಿಗೆ ಏಪ್ರಿಲಿನಿಂದ ಆಗಸ್ಟಿನವರೆಗೆ ಕವಲುಗೊಂಬು ಬೆಳೆಯುತ್ತದೆ. ಈ ಕೊಂಬು ಪ್ರತಿ ಚಳಿಗಾಲದಲ್ಲಿ ಉದುರಿ, ಪ್ರತಿ ವಸಂತದಲ್ಲಿ ಹೊಸದಾಗಿ ಮೂಡಬೇಕು. ಹಾಲಿಗೂ ಕೊಂಬಿಗೂ ಪ್ರೋಟೀನು, ಎಂದರೆ ಸಸಾರಜನಕ, ಮತ್ತು ಸುಣ್ಣದ ಅಂಶ ಧಾರಾಳವಾಗಿ ಬೇಕು. ಬೆಳೆಯುವ ಮರಿಗೂ ಹಾಲೂಡುವ ತಾಯಿಗೂ ಆಹಾರದಲ್ಲಿ ನೂರಕ್ಕೆ 16 ಪಾಲಿನಷ್ಟು ಸಸಾರಜನಕವಿದ್ದರೆ ಒಳ್ಳೆಯದು. ಎಳೆಯ ಕುದುರೆಮೆಂತೆಯನ್ನು ಒಣಗಿಸಿ ತೂಗಿದರೆ ಅದರಲ್ಲಿ ಸುಮಾರು 20 ಪಾಲು ಸಿಕ್ಕುತ್ತದೆ. ಸುಣ್ಣದ ಅಂಶವೂ ಅದರಲ್ಲಿ ಹೇರಳ. ಬೇಸಗೆಯಲ್ಲಿ ಹೀಗೆ ತಿಂದು ಕೊಬ್ಬು ಕೂಡಿಸಿಕೊಂಡ ಜಿಂಕೆಯು ಚಳಿಗಾಲದಲ್ಲಿ ಕಡಿಮೆ ತಿಂದು, ಕಡಿಮೆ ಓಡಾಡಿ, ತೂಕದಲ್ಲಿ ಐದನೆಯ ಒಂದು ಪಾಲನ್ನು ಕಳೆದುಕೊಂಡರೂ ವಸಂತವನ್ನು ಕಾಣುತ್ತದೆ. ಜನವರಿಯ ಹಸಿವಿಗೆ ಮದ್ದನ್ನು ಜುಲೈ ತಿಂಗಳಿನಲ್ಲಿಯೇ ಕೊಟ್ಟಿರಬೇಕು.

ಮಣ್ಣಿನ ಸಿದ್ಧತೆ

ಜುಲೈಯಲ್ಲಿ ಮೇವು ಇರಬೇಕಾದರೆ ಕೆಲಸವು ಅದರ ಹಿಂದಿನ ವರ್ಷವೇ ಮೊದಲಾಗಬೇಕು. ಕುದುರೆಮೆಂತೆಗೆ ಎರಡು ಹಟಗಳುಂಟು: ಬೇರಿನ ಬಳಿ ನೀರು ನಿಲ್ಲಬಾರದು, ಮಣ್ಣು ಹುಳಿಯಾಗಿರಬಾರದು. ಇದರ ತಾಯಿಬೇರು ಹತ್ತು ಹದಿನೈದು ಅಡಿ ಆಳಕ್ಕೂ ಇಳಿಯಬಲ್ಲದು. ಆದುದರಿಂದ ಬರಗಾಲದಲ್ಲಿ ಉಳಿದ ಹುಲ್ಲು ಒಣಗಿದರೂ ಇದು ಹಸುರಾಗಿರುತ್ತದೆ. ಜವುಗಿನಲ್ಲಿ ಮಾತ್ರ ಬೇರು ಕೊಳೆತು ಸಾಯುತ್ತದೆ.

ಮಣ್ಣಿನ ಹುಳಿಯನ್ನು ಪಿ.ಎಚ್. ಎಂಬ ಅಳತೆಯಿಂದ ಹೇಳುತ್ತಾರೆ. ಏಳು ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಏಳಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಈ ಬೆಳೆಗೆ 6.5ರಿಂದ 7 ಬೇಕು. ಕಾಡಿನ ಅಂಚಿನ ಮಣ್ಣು ಸಾಮಾನ್ಯವಾಗಿ ಇದಕ್ಕಿಂತ ಹುಳಿಯಾಗಿರುತ್ತದೆ. ಆದಕಾರಣ ಮೊದಲು ಮಣ್ಣನ್ನು ಪರೀಕ್ಷೆಗೆ ಕಳುಹಿಸಿ, ಅವರು ಹೇಳಿದಷ್ಟು ಸುಣ್ಣಕಲ್ಲಿನ ಪುಡಿಯನ್ನು ಹರಡಿ ಉಳುತ್ತಾರೆ. ಎಕರೆಗೆ ಎರಡು ಮೂರು ಟನ್ನು ಬೇಕಾಗುವುದೂ ಉಂಟು. ಕಲ್ಲಿನ ಪುಡಿ ಮಣ್ಣಿನಲ್ಲಿ ಬೆರೆತು ಕೆಲಸ ಮಾಡಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಇದಲ್ಲದೆ ರಂಜಕ, ಪೊಟ್ಯಾಷ್, ಸ್ವಲ್ಪ ಬೋರಾನ್ ಇವುಗಳನ್ನೂ ಪರೀಕ್ಷೆಯ ಪ್ರಕಾರ ಕೊಡಬೇಕು.

ಸಾರಜನಕವನ್ನು ಮಾತ್ರ ಕೊಡಬೇಕಾಗಿಲ್ಲ. ಅವರೆಯ ಬಳಗದ ಗಿಡಗಳ ಬೇರಿನ ಗಂಟುಗಳಲ್ಲಿ ಒಂದು ಜಾತಿಯ ಸೂಕ್ಷ್ಮಜೀವಿಗಳು ವಾಸವಾಗಿದ್ದು, ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. 1886ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದವನು ಹೆಲ್‌ರೀಗೆಲ್ ಎಂಬ ಜರ್ಮನ್ ವಿಜ್ಞಾನಿ. ಕುದುರೆಮೆಂತೆಗೆ ಒಗ್ಗುವ ಜೀವಿ ಎಲ್ಲ ಮಣ್ಣಿನಲ್ಲಿಯೂ ಇರುವುದಿಲ್ಲ. ಆದ್ದರಿಂದ ಆ ಜೀವಿಗಳ ಪುಡಿಯನ್ನು ಬೀಜಕ್ಕೆ ಲೇಪಿಸಿ ಬಿತ್ತುತ್ತಾರೆ. ಅದು ಹಿಡಿಯಿತೋ ಇಲ್ಲವೋ ಎಂದು ನೋಡುವುದಕ್ಕೆ ಸುಲಭವಾದ ಉಪಾಯವುಂಟು. ಬೆಳೆದ ಒಂದು ಗಿಡವನ್ನು ಮಣ್ಣುಸಹಿತ ಅಗೆದು ತೆಗೆದು, ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಬೇಕು. ಒಳಗೆ ನಸುಗೆಂಪಾಗಿದ್ದರೆ ಕೆಲಸ ನಡೆಯುತ್ತಿದೆಯೆಂದು ಅರ್ಥ. ಹುಳಿ ಮಣ್ಣಿನಲ್ಲಿ ಈ ಜೀವಿಗಳು ಬಾಳಲಾರವು. ಸುಣ್ಣದ ಮೇಲೆ ಅಷ್ಟು ಒತ್ತಾಯ ಮಾಡುವುದು ಇದಕ್ಕೇ.

ಬಿತ್ತನೆ ಮತ್ತು ಕಟಾವು

ಬೀಜ ಬಹಳ ಸಣ್ಣದು. ಒಂದು ಪೌಂಡಿಗೆ ಸುಮಾರು ಎರಡು ಲಕ್ಷ. ಎಕರೆಗೆ 15 ಪೌಂಡು ಬಿತ್ತಿದರೆ ಚದರ ಅಡಿಗೆ ಎಪ್ಪತ್ತರ ಹತ್ತಿರ ಬೀಜ ಬಿದ್ದಂತಾಯಿತು. ಕಾಲು ಅಂಗುಲದಿಂದ ಅರ್ಧ ಅಂಗುಲದ ಒಳಗೆ ಬೀಜ ಕೂರಬೇಕು. ಅದಕ್ಕಿಂತ ಆಳಕ್ಕೆ ಹೋದರೆ ಮೊಳಕೆ ಮೇಲಕ್ಕೆ ಬರಲಾರದು. ಆದುದರಿಂದ ನೆಲವು ಹುಡಿಯಾಗಿರಬೇಕು, ಗಟ್ಟಿಯಾಗಿಯೂ ಇರಬೇಕು. ಉತ್ತು ಹದಮಾಡಿ ರೋಲರು ಉರುಳಿಸಿದ ಮೇಲೆ ನಡೆದು ನೋಡಿದರೆ ಹಿಮ್ಮಡಿ ಅರ್ಧ ಅಂಗುಲಕ್ಕಿಂತ ಹೆಚ್ಚು ಇಳಿಯಬಾರದು. ಬಿತ್ತುವ ಕಾಲ ಏಪ್ರಿಲ್-ಮೇ, ಇಲ್ಲವೆ ಆಗಸ್ಟಿನ ಮೊದಲ ಭಾಗ.

ತಾಕಿನ ಗಾತ್ರವೂ ಮುಖ್ಯ. ಒಂದು ಜಿಂಕೆ ದಿನಕ್ಕೆ ಆರರಿಂದ ಎಂಟು ಪೌಂಡು ಮೇವು ತಿನ್ನುತ್ತದೆ. ಐದಾರು ಗುಂಟೆಯಲ್ಲಿ ಬಿತ್ತಿದರೆ ಸಸಿ ನಾಲ್ಕೆಲೆ ಬಿಡುವುದರೊಳಗೆ ಬುಡಸಹಿತ ಹೋಗುತ್ತದೆ. ಎರಡು ಎಕರೆಗೆ ಕಡಿಮೆಯಿಲ್ಲದಿದ್ದರೆ ಒಳ್ಳೆಯದು. ಎಳೆಯ ಸಸಿಯನ್ನು ಉಳಿಸಲು ಓಟ್ಸ್ ಧಾನ್ಯವನ್ನು ತೆಳುವಾಗಿ ಜೊತೆಗೆ ಬಿತ್ತುವವರೂ ಉಂಟು. ಓಟ್ಸ್ ಬೇಗ ಎದ್ದು ಜಿಂಕೆಯ ಬಾಯಿಗೆ ಮೊದಲು ಸಿಕ್ಕುತ್ತದೆ. ಅದರ ಮರೆಯಲ್ಲಿ ಕುದುರೆಮೆಂತೆ ಬೇರು ಬಿಡುತ್ತದೆ.

ಒಮ್ಮೆ ನೆಲೆ ನಿಂತರೆ ನಾಲ್ಕೈದು ವರ್ಷ ಬಾಳುವ ಬೆಳೆ ಇದು. ಆದರೆ ಬಲಿತ ಕಾಂಡವನ್ನು ಜಿಂಕೆ ಮುಟ್ಟುವುದಿಲ್ಲ. ಮೊಗ್ಗು ಕಾಣಿಸುತ್ತಲೇ ಮೂರು ನಾಲ್ಕು ಅಂಗುಲ ಬಿಟ್ಟು ಕತ್ತರಿಸಿದರೆ ಬುಡದಿಂದ ಹೊಸ ಕುಡಿ ಒಡೆಯುತ್ತದೆ. ಬೇಸಗೆಯಲ್ಲಿ ಹೀಗೆ ಮೂರು ಬಾರಿ ಕತ್ತರಿಸುತ್ತಾರೆ. ಕೊನೆಯ ಕಟಾವು ಕಡುಹಿಮ ಬೀಳುವುದಕ್ಕೆ ಆರು ವಾರ ಮೊದಲೇ ಮುಗಿಯಬೇಕು. ಆಮೇಲೆ ಬೆಳೆದ ಎಲೆಯ ಬಲದಿಂದ ಬೇರು ಚಳಿಗಾಲಕ್ಕೆ ಬೇಕಾದ ಆಹಾರವನ್ನು ಕೂಡಿಟ್ಟುಕೊಳ್ಳುತ್ತದೆ.

ಮೊದಲ ಕಟಾವಿನಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಅದು ಮರಿ ಹಾಕುವ ಕಾಲ. ಹುಟ್ಟಿದ ಕೆಲವು ವಾರ ಮರಿ ಓಡುವುದಿಲ್ಲ. ತಾಯಿ ಅದನ್ನು ಎತ್ತರದ ಮೇವಿನ ನಡುವೆ ಮಲಗಿಸಿ ದೂರ ಹೋಗಿರುತ್ತದೆ. ಅಪಾಯ ಬಂದರೆ ಮರಿ ಇನ್ನಷ್ಟು ನೆಲಕ್ಕೆ ಅಂಟಿಕೊಂಡು ಮಲಗುತ್ತದೆ. ತೋಳನಿಂದ ಪಾರಾಗಲು ಈ ಬುದ್ಧಿ ಸಾಕು. ಕತ್ತರಿಸುವ ಯಂತ್ರದಿಂದ ಪಾರಾಗಲು ಸಾಲದು. ಆದುದರಿಂದ ತಿಳಿದ ರೈತನು ಮೊದಲು ಹೊಲವನ್ನೆಲ್ಲ ನಡೆದು ನೋಡುತ್ತಾನೆ. ನಡುವಿನಿಂದ ಹೊರಕ್ಕೆ ಕತ್ತರಿಸುತ್ತ ಬರುತ್ತಾನೆ. ಹಾಗೆ ಮಾಡಿದರೆ ಅಡಗಿದ್ದ ಪ್ರಾಣಿಗೆ ಕಾಡಿನ ಕಡೆಗೆ ದಾರಿ ಉಳಿಯುತ್ತದೆ.

ಹಳೆಯ ಬೆಳೆ ತೆಳುವಾದರೆ ಅಲ್ಲಿಯೇ ಮತ್ತೆ ಇದೇ ಬೀಜವನ್ನು ಚೆಲ್ಲಿ ಫಲವಿಲ್ಲ. ಹಳೆಯ ಗಿಡಗಳು ಮಣ್ಣಿನಲ್ಲಿ ಬಿಟ್ಟ ಒಂದು ವಸ್ತುವು ತಮ್ಮದೇ ಜಾತಿಯ ಹೊಸ ಸಸಿಯನ್ನು ಬೆಳೆಯಗೊಡದು. ಒಂದು ವರ್ಷ ಬೇರೆ ಬೆಳೆ ತೆಗೆದು ಆಮೇಲೆ ಬಿತ್ತಬೇಕು. ಇಷ್ಟು ಖರ್ಚು ಕಷ್ಟಗಳನ್ನು ತಾಳಲಾರದವರು, ಜವುಗು ನೆಲದವರು, ಬಿಳಿ ಕ್ಲೋವರ್ ಎಂಬ ಸುಲಭವಾದ ಮೇವನ್ನು ಬಿತ್ತಿ ತೃಪ್ತರಾಗುತ್ತಾರೆ.

ಇನ್ನು ಚಳಿಗಾಲದ ಮಾತು. ಹಿಮದಡಿಯಲ್ಲಿ ಕುದುರೆಮೆಂತೆ ಮಲಗಿರುತ್ತದೆ. ಆಗ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ನೆರೆಯ ರೈತನು ನಡುಚಳಿಯಲ್ಲಿ ಮಾಡುವ ಕೆಲಸವೆಂದರೆ, ತನ್ನ ಕಾಡಿನ ಅಂಚಿನಲ್ಲಿ ಆರಿಸಿದ ಕೆಲವು ಮರಗಳನ್ನು ಕೊಡಲಿಯಿಂದ ಕೆಡಹುವುದು. ಎತ್ತರದಲ್ಲಿದ್ದ ಕಡ್ಡಿ ಮೊಗ್ಗುಗಳು ಜಿಂಕೆಯ ಬಾಯಿಗೆ ಎಟಕುತ್ತವೆ. ಮುಂದಿನ ವರ್ಷ ಬುಡದಿಂದ ಹೊಸ ಚಿಗುರೂ ಏಳುತ್ತದೆ. ನಮ್ಮ ಹುಡುಗ ಕಂಡು ಮರುಗಿದ ಆ ಒಣಕಡ್ಡಿಯೇ ಆ ಋತುವಿನಲ್ಲಿ ಜಿಂಕೆಗೆ ಒಗ್ಗುವ ಆಹಾರ.

ಎರಡು ಆಕ್ಷೇಪಗಳು

ಇದನ್ನೆಲ್ಲ ಓದಿ ನಿಮ್ಮಲ್ಲಿ ಕೆಲವರು, “ಮೇವು ಬೆಳೆಯುವವರು ಕೊನೆಗೆ ಅದೇ ಜಿಂಕೆಗೆ ಗುಂಡು ಹೊಡೆಯುವರಲ್ಲವೆ?” ಎಂದು ಕೇಳಬಹುದು. ಹೌದು, ಅನೇಕರು ಬೆಳೆಯುವುದು ಬೇಟೆಗಾಗಿಯೇ. ಅಲ್ಲಿ ಗೊತ್ತಾದ ಕಾಲದಲ್ಲಿ, ಅಪ್ಪಣೆಯ ಚೀಟಿ ಪಡೆದು ಬೇಟೆಯಾಡುವುದು ಕಾನೂನಿಗೆ ಸಮ್ಮತ. ತೋಳಗಳು ದೇಶದ ಬಹುಭಾಗದಿಂದ ಅಳಿದುಹೋದುದರಿಂದ ಜಿಂಕೆಗಳು ಮಿತಿಮೀರಿ ಹೆಚ್ಚಿ ಕಾಡಿನ ಎಳೆಯ ಸಸಿಗಳನ್ನೆಲ್ಲ ತಿಂದುಹಾಕುವ ಪ್ರದೇಶಗಳೂ ಇವೆ. ಮೇವು ಹೆಚ್ಚಿಸಿ ಸಂಖ್ಯೆಯನ್ನು ಹತೋಟಿಯಲ್ಲಿಡದಿದ್ದರೆ ಕಾಡಿಗೂ ಕೇಡು, ಜಿಂಕೆಗೂ ಕೇಡು ಎಂಬುದು ಅವರ ವಾದ. ನಮಗೆ ಅದು ಒಪ್ಪಿಗೆಯಾಗದಿರಬಹುದು. ಆದರೆ ಅವರ ಮಾತನ್ನು ಅವರಂತೆಯೇ ಹೇಳುವುದು ನ್ಯಾಯ.

ಎರಡನೆಯದು ರೋಗದ ಭಯ. 1967ರಲ್ಲಿ ಕೊಲರಾಡೊ ರಾಜ್ಯದಲ್ಲಿ, ಸಂಶೋಧನೆಗೆಂದು ಸಾಕಿದ್ದ ಜಿಂಕೆಗಳಲ್ಲಿ, ಮೈ ಸೊರಗಿ ಸೊರಗಿ ಸಾಯುವ ಒಂದು ರೋಗ ಮೊದಲು ಕಾಣಿಸಿಕೊಂಡಿತು. ಪ್ರಿಯಾನ್ ಎಂಬ ವಿಕೃತವಾದ ಸಸಾರಜನಕ ಇದಕ್ಕೆ ಕಾರಣ. ಔಷಧವಿಲ್ಲ. ಜೊಲ್ಲು, ಮೂತ್ರಗಳಿಂದ ಹರಡುತ್ತದೆ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಒಂದೇ ರಾಶಿಗೆ ಹತ್ತು ಜಿಂಕೆಗಳು ಮೂತಿಯಿಟ್ಟರೆ ರೋಗಕ್ಕೆ ಹಾದಿ ಮಾಡಿಕೊಟ್ಟಂತೆ. ಅದಕ್ಕಾಗಿ ಅನೇಕ ಕಡೆ ಜಿಂಕೆಗೆ ರಾಶಿ ಹಾಕುವುದನ್ನು ಕಾನೂನು ನಿಷೇಧಿಸಿದೆ. ಎರಡೆಕರೆಯಲ್ಲಿ ಹರಡಿ ಮೇಯುವಾಗ ಮೂತಿಗೆ ಮೂತಿ ತಾಗುವುದು ಕಡಿಮೆಯಾದರೂ, ಜಿಂಕೆಗಳನ್ನು ಒಂದೆಡೆಗೆ ಕರೆಯುವ ದೋಷ ತಾಕಿಗೂ ಇಲ್ಲದಿಲ್ಲ.

ನಮಗೆ ಇದರಿಂದೇನು?

ನಮ್ಮ ನಾಡಿನಲ್ಲಿ ಕುದುರೆಮೆಂತೆಯನ್ನು ನೀರಾವರಿಯಲ್ಲಿ ಹಸು ಕುದುರೆಗಳಿಗಾಗಿ ಬೆಳೆಯುತ್ತಾರೆ. ಮೊದಲ ಕೊಯ್ಲು ಸುಮಾರು ಎರಡು ತಿಂಗಳಿಗೆ, ಆಮೇಲೆ 25-30 ದಿನಕ್ಕೊಂದು ಕೊಯ್ಲು. ಆದರೆ ಕಾಡಿನ ಪ್ರಾಣಿಗೆ ಇದನ್ನು ಬೆಳೆಯಬೇಕೆಂದು ನಾನು ಹೇಳುತ್ತಿಲ್ಲ. ಗದಗ, ಕೊಪ್ಪಳ, ಹಾವೇರಿಗಳ ಕಡೆಯ ರೈತನು ಕೃಷ್ಣಮೃಗಗಳ ಹಿಂಡಿನಿಂದ ಪೈರನ್ನು ಕಾಯುವ ಕಷ್ಟದಲ್ಲಿದ್ದಾನೆ. ಅವನ ಮುಂದೆ ಈ ಮಾತನ್ನಾಡುವುದು ಅವಿವೇಕ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ನಮ್ಮಲ್ಲಿ ಜಿಂಕೆ ಕಡವೆಗಳ ಬೇಟೆ ನಿಷಿದ್ಧವಾಗಿದೆ. ಹೀಗಿರುವಾಗ ಅಲ್ಲಿಯ ಏರ್ಪಾಟು ಇಲ್ಲಿಗೆ ಹೊಂದುವುದಿಲ್ಲ.

ಹೊಂದುವ ಮಾತು ಒಂದುಂಟು. ರಜೆಯಲ್ಲಿ ಮಕ್ಕಳೊಡನೆ ಬಂಡೀಪುರದ ರಸ್ತೆಯಲ್ಲಿ ಹೋಗುವಾಗ ಚುಕ್ಕಿ ಜಿಂಕೆಗಳು ಹಾದಿಯ ಬದಿಗೆ ಬಂದು ನಿಲ್ಲುವುದನ್ನು ನೀವು ನೋಡಿರಬಹುದು. ಕೆಲವರು ಬಂಡಿ ನಿಲ್ಲಿಸಿ ಬ್ರೆಡ್ಡು, ಬಿಸ್ಕತ್ತು, ಉಳಿದ ಚಿತ್ರಾನ್ನವನ್ನು ಎಸೆಯುತ್ತಾರೆ. ಹಾಗೆ ಮಾಡಕೂಡದೆಂದು ಅರಣ್ಯ ಇಲಾಖೆಯವರು ಹಲಗೆ ಹಾಕಿದ್ದರೂ ಮಕ್ಕಳ ಆಸೆಗೆ ಸೋಲುತ್ತಾರೆ. ಆ ಪ್ರಾಣಿಯ ಹೊಟ್ಟೆಯೂ ನಾಲ್ಕು ಅರೆಯದೇ. ಅದರೊಳಗಿನ ಸಂಸಾರವೂ ಕಾಡಿನ ಸೊಪ್ಪಿಗೆ ಹೊಂದಿಕೊಂಡದ್ದೇ. ಮಕ್ಕಳಿಗೆ ಈ ವಿಷಯವನ್ನು ಹೊರಡುವ ಮೊದಲೇ ಮನೆಯಲ್ಲಿ ತಿಳಿಸಿ ಹೇಳಿದರೆ, ಅವರೇ ನಿಮ್ಮ ಕೈ ಹಿಡಿದು ತಡೆದಾರು.

ನನ್ನ ವಿದ್ಯಾರ್ಥಿಯು ಈಗ ನೆರೆಯ ರೈತನ ಜೊತೆಗೂಡಿ ಎರಡೆಕರೆಯಲ್ಲಿ ಕುದುರೆಮೆಂತೆ ಬೆಳೆಯುತ್ತಿದ್ದಾನೆ. ಬೇಟೆಯಲ್ಲಿ ಅವನಿಗೆ ಮನಸ್ಸಿಲ್ಲ. ಬೆಳೆಯ ಖರ್ಚಿನಲ್ಲಿ ಅರ್ಧ ಕೊಟ್ಟು ದುಡಿಮೆಗೆ ನಿಲ್ಲುತ್ತಾನೆ. ತಾಕಿನ ನಡುವೆ ನಾಲ್ಕಡಿ ಎತ್ತರದ ತಂತಿಯ ಪಂಜರವೊಂದನ್ನು ನೆಟ್ಟಿದ್ದಾರಂತೆ. ಪಂಜರದೊಳಗೆ ಜಿಂಕೆಯ ಬಾಯಿ ಹೋಗದು. ಒಳಗಿನ ಬೆಳೆಯನ್ನೂ ಹೊರಗಿನ ಬೆಳೆಯನ್ನೂ ಹೋಲಿಸಿದರೆ ಜಿಂಕೆ ಎಷ್ಟು ತಿಂದಿತೆಂಬುದು ಗೊತ್ತಾಗುತ್ತದೆ. “ಗುರುಗಳೇ, ಒಳಗೆ ಮೊಣಕಾಲೆತ್ತರ, ಹೊರಗೆ ಗೇಣೆತ್ತರ” ಎಂದು ಕಳೆದ ಬೇಸಗೆಯಲ್ಲಿ ಬರೆದಿದ್ದನು. ಜನವರಿಯಲ್ಲಿ ಜಿಂಕೆಗಳು ಈಗಲೂ ಬೇಲಿಯವರೆಗೆ ಬರುತ್ತವಂತೆ. ಅವನು ಕಿಟಕಿಯ ಒಳಗಿನಿಂದಲೇ ನೋಡಿ, ಎಣಿಸಿ, ಪರದೆ ಎಳೆಯುತ್ತಾನೆ.